ತಿರುವಿನಲ್ಲಿ ಸದ್ದು

(ದೊಡ್ಡಬಳ್ಳಾಪುರದ ಒಂದು ಗ್ಯಾರೇಜು. ಮಾತಾಡುತ್ತಿರುವವರು ದೇವನಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ ಮತ್ತು ಒಬ್ಬ ಹಿರಿಯ ಮೆಕ್ಯಾನಿಕ್.)

ಶಿಕ್ಷಕಿ: ತಿರುಗಿಸುವಾಗ ಮುಂದಿನ ಚಕ್ರದ ಕಡೆಯಿಂದ ಕಟಕ್ ಅನ್ನುತ್ತೆ ಅಣ್ಣಾ. ಮೊದಲು ಬೇರೆ ಕಡೆ ತೋರಿಸಿದ್ದೆ. ಶಾಕಪ್ ಹೋಗಿದೆ ಅಂತ ಎರಡೂ ಬದಲಾಯಿಸಿದರು. ದುಡ್ಡು ಹೋಯಿತು, ಸದ್ದು ಹೋಗಲಿಲ್ಲ.

ಮೆಕ್ಯಾನಿಕ್: ಶಾಕಪ್ಪೇ ಅಂತ ಹೇಗೆ ಗೊತ್ತಾಯ್ತಂತೆ?

ಶಿಕ್ಷಕಿ: ಗಾಡಿ ತುಂಬ ಓಡಿದೆ, ಹೋಗೇ ಇರುತ್ತೆ ಅಂದರು.

ಮೆಕ್ಯಾನಿಕ್: ಕಿಲೋಮೀಟರ್ ನೋಡಿ ಸಾಮಾನು ಬಿಚ್ಚೋದು ತಪ್ಪು ಮೇಡಂ. ಸದ್ದು ಯಾವಾಗ ಬರುತ್ತೆ ಅಂತ ಮೊದಲು ಹಿಡೀಬೇಕು. ನಿಂತ ಗಾಡೀಲಿ ಬರೀ ಸ್ಟೇರಿಂಗ್ ತಿರುಗಿಸಿದ್ರೆ ಬರುತ್ತಾ? ಫುಲ್ ಕಟ್ ಮಾಡಿ ನಿಧಾನಕ್ಕೆ ಹೋಗೋವಾಗ ಬರುತ್ತಾ? ಹೈವೇಲಿ ಎಂಬತ್ತರಲ್ಲಿ ಹೋಗ್ತಾ ಸ್ವಲ್ಪ ವಾಲಿಸಿದಾಗ ಬರುತ್ತಾ? ಆಕ್ಸಿಲರೇಟರ್ ತುಳಿದ್ರೆ ಜಾಸ್ತಿ ಆಗುತ್ತಾ, ಬ್ರೇಕ್ ಹಿಡಿದ್ರೆ ಜಾಸ್ತಿ ಆಗುತ್ತಾ? ಇದಕ್ಕೆಲ್ಲ ಉತ್ತರ ಸಿಕ್ಕಿದ್ರೆ ಅರ್ಧ ಕೆಲಸ ಮುಗೀತು. ಸ್ಪ್ಯಾನರ್ ಆಮೇಲೆ.

ಶಿಕ್ಷಕಿ: ನಿಂತಾಗ ಬರುವುದಿಲ್ಲ. ಹೈವೇಯಲ್ಲೂ ಇಲ್ಲ. ಶಾಲೆಯ ಗೇಟಿಗೆ ಎಡಕ್ಕೆ ತಿರುಗಬೇಕು, ಅಲ್ಲೇ ಒಂದು ಹಂಪ್ ಇದೆ. ಅಲ್ಲಿ ತಪ್ಪದೆ ಬರುತ್ತೆ. ಬ್ರೇಕ್ ಹಿಡಿದು ತಿರುಗಿಸಿದರೆ ಇನ್ನೂ ಜೋರು.

ಮೆಕ್ಯಾನಿಕ್: ನೋಡಿ, ಇಷ್ಟರಲ್ಲೇ ಎರಡು ಮೂರು ಸಾಮಾನಿನ ಮೇಲಿನ ಅನುಮಾನ ಕಳೀತು.

ಶಿಕ್ಷಕಿ: ಯಾವುದರ ಮೇಲಿನದು? ಕಾರಣ ಸಮೇತ ಹೇಳಿ. ಮಕ್ಕಳಿಗೆ ಬಲ, ಘರ್ಷಣೆ ಅಂತ ಪಾಠ ಮಾಡುವವಳು ನಾನು. ನನ್ನ ಗಾಡಿಯ ಕೆಳಗೆ ಏನು ನಡೆಯುತ್ತಿದೆ ಅಂತ ನನಗೆ ತಿಳಿಯಬೇಕು.

ಮೆಕ್ಯಾನಿಕ್: ಹಾಗಾದ್ರೆ ಮೇಲಿಂದ ಶುರು ಮಾಡೋಣ. ಗಾಡಿ ನಿಂತಿರೋವಾಗ ಸ್ಟೇರಿಂಗ್ ತಿರುಗಿಸಿದ್ರೆ ಟೈರು ನೆಲಕ್ಕೆ ಉಜ್ಜಿಕೊಂಡೇ ತಿರುಗಬೇಕು, ಭಾರ ಜಾಸ್ತಿ. ಈಗಿನ ಸಣ್ಣ ಕಾರುಗಳಲ್ಲಿ ಶಾಕಪ್, ಸ್ಪ್ರಿಂಗ್ ಎರಡೂ ಸೇರಿ ಒಂದೇ ಕಂಬ. ಚಕ್ರ ತಿರುಗಿದಾಗ ಇಡೀ ಕಂಬ ತಿರುಗುತ್ತೆ. ಬಾನೆಟ್ ಎತ್ತಿದ್ರೆ ಎರಡೂ ಪಕ್ಕದಲ್ಲಿ ಗುಂಡಗಿನ ಜಾಗ ಕಾಣುತ್ತಲ್ಲ, ಕಂಬದ ತುದಿ ಅಲ್ಲಿರುತ್ತೆ. ಅಲ್ಲಿ ಒಂದು ರಬ್ಬರ್ ಮೌಂಟು, ಒಂದು ಬೇರಿಂಗು. ಆ ಬೇರಿಂಗಿಗೆ ಧೂಳು, ನೀರು ಸೇರಿ ಅದು ಹಿಡಿದುಕೊಂಡ್ರೆ ಸ್ಪ್ರಿಂಗು ಸಲೀಸಾಗಿ ತಿರುಗಲ್ಲ, ತಿರುಚಿಕೊಳ್ಳುತ್ತೆ. ತಡೆಯೋವಷ್ಟು ತಡೆದು ಆಮೇಲೆ ಟಂಯ್ ಅಂತ ಒಂದೇ ಸಲ ಬಿಡುತ್ತೆ. ಅದು ನಿಂತಲ್ಲೇ ಕೇಳಿಸೋ ಸದ್ದು. ಒಬ್ಬರು ಸ್ಟೇರಿಂಗ್ ತಿರುಗಿಸೋವಾಗ ಇನ್ನೊಬ್ಬರು ಮೌಂಟಿನ ಮೇಲೆ ಅಂಗೈ ಇಟ್ರೆ ಆ ಹೊಡೆತ ಕೈಗೇ ಗೊತ್ತಾಗುತ್ತೆ. ಸ್ಪ್ರಿಂಗಿನ ಸುತ್ತುಗಳ ನಡುವೆ ಮಾತ್ರ ಬೆರಳು ಹಾಕಬಾರದು. ನಿಮ್ಮ ಗಾಡೀಲಿ ನಿಂತಾಗ ಸದ್ದಿಲ್ಲ, ಅಂದ್ರೆ ಮೌಂಟ್ ಬೇರಿಂಗಿನ ಮೇಲೆ ನನಗೆ ಅನುಮಾನ ಕಡಿಮೆ.

ಶಿಕ್ಷಕಿ: ಈ ಕಂಬವೇ ಮ್ಯಾಕ್‌ಫರ್ಸನ್ ಸ್ಟ್ರಟ್ ಅಲ್ಲವೇ? ಅಮೆರಿಕದ ಇಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದಲ್ಲಿ ರೂಪಿಸಿದ್ದು ಅಂತ ಓದಿದ್ದೆ.

ಮೆಕ್ಯಾನಿಕ್: ಅದೇ. ನಮ್ಮ ದೇಶದಲ್ಲಿ ಅದನ್ನ ಮನೆಮನೆಗೆ ತಂದಿದ್ದು ಮಾರುತಿ 800. 1983ರ ಡಿಸೆಂಬರಿನಲ್ಲಿ ಮೊದಲ ಗಾಡಿ ಈಚೆ ಬಂತು. ಮುಂದಿನ ಚಕ್ರಾನೇ ಇಂಜಿನ್ ಎಳೆಯೋ ಕಾರನ್ನ ನಮ್ಮ ಮೆಕ್ಯಾನಿಕ್‌ಗಳು ಕೈ ತುಂಬ ಬಿಚ್ಚಿ ಕಲಿತಿದ್ದೂ ಅದರಿಂದಾನೇ. ಅದಕ್ಕೆ ಮುಂಚೆ ಅಂಬಾಸಡರ್, ಪದ್ಮಿನಿ, ಎರಡಕ್ಕೂ ಹಿಂದಿನ ಚಕ್ರದ ತಳ್ಳುವಿಕೆ. ನಾನು ಹುಡುಗನಾಗಿದ್ದಾಗ ನೆಲಮಂಗಲದ ಲಾರಿ ಗ್ಯಾರೇಜಲ್ಲಿ ನನ್ನ ಕೆಲಸ ಗ್ರೀಸ್ ಗನ್ ಹಿಡಿಯೋದು. ಲಾರಿ ಕಿಂಗ್ ಪಿನ್ನಿಗೆ ನಿಪ್ಪಲ್, ಅಂಬಾಸಡರ್ ಮುಂದಿನ ಕೀಲುಗಳಿಗೆ ನಿಪ್ಪಲ್. ಸದ್ದು ಬಂತಾ, ಗ್ರೀಸ್ ಹೊಡಿ ಅನ್ನೋರು ಮೇಸ್ತ್ರಿ. ಈಗಿನ ಕಾರಿನ ಕೀಲುಗಳು ಕಂಪನೀಲೇ ಗ್ರೀಸ್ ತುಂಬಿ ಸೀಲ್ ಆಗಿ ಬರುತ್ವೆ, ನಿಪ್ಪಲ್ಲೇ ಇರಲ್ಲ. ಮೇಲಿನ ರಬ್ಬರ್ ಹರೀತು ಅಂದ್ರೆ ಒಳಗಿನ ಗ್ರೀಸ್ ಈಚೆ, ಹೊರಗಿನ ಮಣ್ಣು ಒಳಗೆ. ಅದಕ್ಕೇ ನಮ್ಮ ಹುಡುಗರಿಗೆ ನಾನು ಮೊದಲು ಕಲಿಸೋದು ರಬ್ಬರ್ ನೋಡೋದನ್ನ.

ಶಿಕ್ಷಕಿ: ಮುಂದಿನ ಚಕ್ರವನ್ನೇ ಇಂಜಿನ್ ಎಳೆಯಬೇಕು, ಅದೇ ಚಕ್ರ ತಿರುಗಲೂ ಬೇಕು. ಸಾಮಾನ್ಯ ಯೂನಿವರ್ಸಲ್ ಜಾಯಿಂಟ್ ಬಾಗಿದಾಗ ಎರಡೂ ಕಡೆಯ ವೇಗ ಒಂದೇ ಸಮ ಇರುವುದಿಲ್ಲ, ಪ್ರತಿ ಸುತ್ತಿನಲ್ಲೂ ಏರಿಳಿಯುತ್ತೆ. ಆಲ್ಫ್ರೆಡ್ ರ‍್ಜೆಪ್ಪಾ ಅನ್ನುವವರು 1920ರ ದಶಕದಲ್ಲಿ ಆರು ಗುಂಡುಗಳ ಜಾಯಿಂಟ್ ಕಂಡುಹಿಡಿದ ಮೇಲೆ ಈ ತೊಂದರೆ ನೀಗಿತು.

ಮೆಕ್ಯಾನಿಕ್: ಅದನ್ನೇ ನಾವು ಸಿವಿ ಜಾಯಿಂಟ್ ಅಂತೀವಿ. ಆಕ್ಸಲಿನ ತುದೀಲಿ, ಚಕ್ರದ ಹತ್ತಿರ ಒಂದು, ಗೇರ್‌ಬಾಕ್ಸ್ ಹತ್ತಿರ ಒಂದು. ಹೊರಗಿನದು ಸವೆದ್ರೆ ಕಟ್ ಕಟ್ ಕಟ್ ಅಂತ ಲಯವಾಗಿ ಬರುತ್ತೆ, ಗಾಡಿ ಓಡಿದಷ್ಟೂ ಲಯ ಬೇಗ ಆಗುತ್ತೆ. ಖಾಲಿ ಮೈದಾನದಲ್ಲಿ ಫುಲ್ ಕಟ್ ಮಾಡಿ, ಒಂದನೇ ಗೇರಲ್ಲಿ ಆಕ್ಸಿಲರೇಟರ್ ಕೊಡ್ತಾ ಒಂದು ಸುತ್ತು ಎಡಕ್ಕೆ, ಒಂದು ಸುತ್ತು ಬಲಕ್ಕೆ ಹೊಡೀಬೇಕು. ರಿವರ್ಸಲ್ಲೂ ನೋಡಬೇಕು. ಒಳಗಿನ ಜಾಯಿಂಟಿನ ರೋಗ ಬೇರೆ. ನೇರ ರಸ್ತೇಲೇ ಎಳೆದಾಗ ಗಾಡಿ ನಡುಗುತ್ತೆ. ಇನ್ನೊಂದು ಮಾತು. ಏರ್‌ಪೋರ್ಟ್ ಟ್ಯಾಕ್ಸಿಯವರು ಇನ್ನೋವಾ, ಕ್ರಿಸ್ಟಾ ತಂದು ಆಕ್ಸಲ್ ಜಾಯಿಂಟ್ ಹೋಗಿದೆ ಅಂತಾರೆ. ಆ ಗಾಡಿಗಳಲ್ಲಿ ಹಿಂದಿನ ಚಕ್ರ ತಳ್ಳೋದು, ಮುಂದೆ ಆಕ್ಸಲ್ಲೇ ಇಲ್ಲ. ಯಾವ ಗಾಡಿ ಅಂತ ತಿಳಿಯದೆ ಸದ್ದಿಗೆ ಹೆಸರಿಡಬಾರದು.

ಶಿಕ್ಷಕಿ: ನನ್ನದು ಲಯವಾಗಿ ಬರುವುದಿಲ್ಲ. ಒಂದೇ ಸಲ ಕಟಕ್. ಮತ್ತೆ ತಿರುಗಿಸಿದರೆ ಮತ್ತೊಂದು.

ಮೆಕ್ಯಾನಿಕ್: ಹಾಗಾಗಿ ಸಿವಿ ಜಾಯಿಂಟೂ ಸದ್ಯಕ್ಕೆ ಪಕ್ಕಕ್ಕೆ. ಆದರೂ ಅದರ ಮೇಲಿನ ರಬ್ಬರ್ ಬೂಟ್ ನೋಡೇ ನೋಡ್ತೀನಿ, ಆ ವಿಷಯ ಆಮೇಲೆ ಬರುತ್ತೆ. ವೀಲ್ ಬೇರಿಂಗ್ ಆಗಿದ್ರೆ ಊಂ ಅನ್ನೋ ಗುಂಯ್‌ಗುಡುವಿಕೆ, ಸ್ಪೀಡ್ ಹೆಚ್ಚಿದ ಹಾಗೆ ಹೆಚ್ಚುತ್ತೆ. ಎಡಕ್ಕೆ ವಾಲಿದಾಗ ಭಾರ ಬಲಗಡೆಗೆ ಬೀಳುತ್ತಲ್ಲ, ಆಗ ಸದ್ದು ಜಾಸ್ತಿಯಾದ್ರೆ ಸಾಮಾನ್ಯವಾಗಿ ಬಲಗಡೆ ಬೇರಿಂಗೇ. ಅದು ಹೈವೇ ಸದ್ದು, ನಿಮ್ಮದಲ್ಲ. ಕರ್ ಅಂತ ತಗಡು ಕೆರೆದ ಹಾಗೆ ಬಂದ್ರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಕಲ್ಲು ಸಿಕ್ಕಿರುತ್ತೆ. ಕ್ರಷರ್ ಕಡೆಯ ಟಿಪ್ಪರ್‌ಗಳು ಜಲ್ಲಿ ಚೆಲ್ಲಿಕೊಂಡು ಹೋಗೋ ರಸ್ತೆ ನಮ್ಮದು, ತಿಂಗಳಿಗೆ ಒಂದೆರಡು ಗಾಡಿ ಬಂದೇ ಬರುತ್ವೆ. ಕಲ್ಲು ತೆಗೆದು ತಗಡು ಸರಿಯಾಗಿ ಬಾಗಿಸಿದ್ರೆ ಮುಗೀತು, ಸಾಮಾನೇನೂ ಬೇಡ.

ಶಿಕ್ಷಕಿ: ಉಳಿದದ್ದು?

ಮೆಕ್ಯಾನಿಕ್: ಕೆಳಗಿನ ಭಾಗ. ಲಿಂಕ್ ರಾಡ್, ಚಕ್ರಾನ ಗಾಡಿ ಮೈಗೆ ಜೋಡಿಸೋ ಲೋಯರ್ ಆರ್ಮ್, ಅದರ ಬುಷ್‌ಗಳು, ಬಾಲ್ ಜಾಯಿಂಟು, ಸ್ಟೇರಿಂಗನ್ನ ಚಕ್ರಕ್ಕೆ ಸೇರಿಸೋ ಟೈ ರಾಡ್ ಎಂಡು. ನಿಮ್ಮ ಗೇಟಿನ ಹಂಪ್ ಓರೆಯಾಗಿ ಹತ್ತುತ್ತೀರಾ?

ಶಿಕ್ಷಕಿ: ಹೌದು. ಎಡಚಕ್ರ ಮೊದಲು ಹತ್ತುತ್ತೆ. ಅದು ಹಂಪ್ ಅನ್ನುವುದಕ್ಕಿಂತ ಕಟ್ಟೆ. ಊರವರೇ ಮಣ್ಣು ಜಲ್ಲಿ ಹಾಕಿ ಮೇಲೆ ಡಾಂಬರು ಬಳಿದದ್ದು. ಮಕ್ಕಳ ಜೀವದ ಭಯಕ್ಕೆ ಹಾಕಿದ್ದಾರೆ, ಅದನ್ನು ನಾನು ತಪ್ಪು ಅನ್ನಲಾರೆ. ಆದರೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯಲ್ಲೇ ಅಳತೆ ಕೊಟ್ಟಿದ್ದರು. ಎತ್ತರ 10 ಸೆಂಟಿಮೀಟರ್, ಅಗಲ 3.7 ಮೀಟರ್. ಅಷ್ಟು ಅಗಲ ಇದ್ದರೆ ಗಾಡಿ ಗಂಟೆಗೆ 25 ಕಿಲೋಮೀಟರಿನಲ್ಲಿ ಸಲೀಸಾಗಿ ದಾಟುತ್ತೆ. ನಮ್ಮದು ಎತ್ತರ ಹೆಚ್ಚು, ಅಗಲ ಒಂದು ಹೆಜ್ಜೆ.

ಮೆಕ್ಯಾನಿಕ್: ದಾಬಸ್‌ಪೇಟೆಯಿಂದ ಹೊಸಕೋಟೆವರೆಗೆ ದೊಡ್ಡ ರಸ್ತೆ ಬಂತು, ಅದರಿಂದ ಇಳಿದು ಹಳ್ಳಿ ಕಡೆ ತಿರುಗಿದ ತಕ್ಷಣ ಇಂಥ ಕಟ್ಟೆಗಳೇ. ಓರೆಯಾಗಿ ಹತ್ತಿದಾಗ ಒಂದು ಚಕ್ರ ಮೇಲೆ, ಒಂದು ಕೆಳಗೆ. ಎರಡನ್ನೂ ಸೇರಿಸೋ ಬಾರ್ ಮುರುಚಿಕೊಳ್ಳುತ್ತೆ, ಆ ಬಾರಿನ ತುದೀಲಿರೋ ಲಿಂಕ್ ರಾಡಿನ ಮೇಲೆ ಹೊರೆ. ಅದಕ್ಕೇ ಅನುಮಾನ ಮೊದಲು ಅದರ ಮೇಲೆ. ಪರೀಕ್ಷೆ ಸುಲಭ. ಎರಡೂ ಕಡೆ ಲಿಂಕ್ ರಾಡ್ ಬಿಚ್ಚಿಟ್ಟು ಇದೇ ಬೀದೀಲಿ ನಿಧಾನಕ್ಕೆ ಒಂದು ಸುತ್ತು. ಸದ್ದು ನಿಂತ್ರೆ ಕಳ್ಳ ಸಿಕ್ಕ. ನಿಲ್ಲದಿದ್ರೆ ಹೊಸ ಲಿಂಕ್ ರಾಡಿನ ದುಡ್ಡು ಉಳೀತು. ಬನ್ನಿ, ಕೂತ್ಕೊಳ್ಳಿ, ನೀವೇ ಕೇಳಿಸಿಕೊಳ್ಳಿ.

(ಸುತ್ತು ಮುಗಿಸಿ ಬಂದ ಮೇಲೆ.)

ಶಿಕ್ಷಕಿ: ಸದ್ದು ಹಾಗೇ ಇದೆ.

ಮೆಕ್ಯಾನಿಕ್: ಇದೆ. ಲಿಂಕ್ ರಾಡ್ ವಾಪಸ್ ಹಾಕಿಬಿಡ್ತಾರೆ ಹುಡುಗರು. ಈಗ ನೀವು ಹೇಳಿದ ಬ್ರೇಕಿನ ಮಾತು ಕೆಲಸಕ್ಕೆ ಬರುತ್ತೆ. ಬ್ರೇಕ್ ಹಿಡಿದಾಗ ಚಕ್ರಾನ ಯಾವ ಕಡೆ ದೂಡುತ್ತೆ?

ಶಿಕ್ಷಕಿ: ರಸ್ತೆ ಚಕ್ರವನ್ನು ಹಿಂದಕ್ಕೆ ದೂಡುತ್ತೆ. ಗಾಡಿಯ ಮೈ ಮುಂದಕ್ಕೆ ಹೋಗಬೇಕು ಅನ್ನುತ್ತೆ.

ಮೆಕ್ಯಾನಿಕ್: ಆ ಎಳೆದಾಟ ತಡೆಯೋದು ಲೋಯರ್ ಆರ್ಮಿನ ಬುಷ್‌ಗಳು, ಅದರಲ್ಲೂ ಹಿಂದಿನ ಬುಷ್. ನೀವು ಒಳಗೆ ಕೂತು ಒಂದನೇ ಗೇರಲ್ಲಿ ಒಂದಡಿ ಮುಂದೆ ಬಂದು ಬ್ರೇಕ್, ರಿವರ್ಸಲ್ಲಿ ಒಂದಡಿ ಹಿಂದೆ ಹೋಗಿ ಬ್ರೇಕ್ ಹಿಡೀರಿ. ನಾನು ಪಕ್ಕದಲ್ಲಿ ನಿಂತು ಚಕ್ರ ನೋಡ್ತೀನಿ. (ಶಿಕ್ಷಕಿ ಹಾಗೆ ಮಾಡಿದ ಮೇಲೆ.) ಕಂಡಿತು. ಎಡಚಕ್ರ ಹಿಂದೆ ಮುಂದೆ ಒಂದು ಬೆರಳಗಲ ಸರೀತಿದೆ, ಬಲಗಡೇದು ಅಲ್ಲಾಡ್ತಿಲ್ಲ. ಈಗ ಎತ್ತೋಣ. ಜಾಕಿ ಒಂದನ್ನೇ ನಂಬಿ ಗಾಡಿ ಕೆಳಗೆ ತಲೆ ಹಾಕಬಾರದು ಮೇಡಂ, ಯಾವ ಅವಸರ ಇದ್ರೂ. ಸ್ಟ್ಯಾಂಡ್ ಇಟ್ಟಮೇಲೇ.

ಶಿಕ್ಷಕಿ: ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸುತ್ತಾರಲ್ಲ, ಅದು ಯಾಕೆ?

ಮೆಕ್ಯಾನಿಕ್: ಗಡಿಯಾರದ ಹನ್ನೆರಡು, ಆರರ ಜಾಗದಲ್ಲಿ ಹಿಡಿದು ಅಲುಗಿಸಿದಾಗ ಆಡಿದ್ರೆ ವೀಲ್ ಬೇರಿಂಗ್ ಇಲ್ಲಾ ಬಾಲ್ ಜಾಯಿಂಟ್. ಮೂರು, ಒಂಬತ್ತರಲ್ಲಿ ಆಡಿದ್ರೆ ಟೈ ರಾಡ್ ಎಂಡ್ ಇಲ್ಲಾ ರ‍್ಯಾಕ್ ಎಂಡ್. ಕೈಗೆ ಸಿಗದೇ ಇದ್ರೆ ಸಲಾಕೆ ಹಾಕಿ ಆರ್ಮನ್ನ ಮೀಟಿ ನೋಡಬೇಕು. ಬ್ಯಾಟರಿ ಹಿಡೀರಿ. ಹಿಂದಿನ ಬುಷ್ ಕಾಣ್ತಿದೆಯಾ? ರಬ್ಬರ್ ಅರ್ಧ ಸುತ್ತು ಕಬ್ಬಿಣದಿಂದ ಬಿಟ್ಟುಕೊಂಡಿದೆ. ನಿಮ್ಮ ಕಟಕ್ ಇದೇ. ಈಗ ಸಲಾಕೆ ಮೀಟಿದಾಗ ಬಾಲ್ ಜಾಯಿಂಟ್ ನೋಡಿ.

ಶಿಕ್ಷಕಿ: ಅದೂ ಸ್ವಲ್ಪ ಆಡುತ್ತಿದೆ. ಇದರ ರಚನೆ ನಮ್ಮ ಸೊಂಟದ ಕೀಲಿನ ಹಾಗೇ ಇದೆ, ಬಟ್ಟಲಿನಲ್ಲಿ ಗುಂಡು. ಈ ಗುಂಡು ಬಟ್ಟಲಿನಿಂದ ಈಚೆ ಬಂದರೆ?

ಮೆಕ್ಯಾನಿಕ್: ಚಕ್ರ ಹೊರಕ್ಕೆ ಮಡಚಿಕೊಳ್ಳುತ್ತೆ, ಗಾಡಿಯ ಮೂತಿ ಆ ಕಡೆ ರಸ್ತೆಗೆ ಬೀಳುತ್ತೆ. ಗೇಟಿನ ಹತ್ತಿರ ಆದ್ರೆ ಬರೀ ಖರ್ಚು. ಹೈವೇಲಿ ಆದ್ರೆ, ನಂದಿ ಬೆಟ್ಟ ಇಳಿಯೋವಾಗ ಆದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಟೈ ರಾಡ್ ಎಂಡ್ ಕಳಚಿದ್ರೂ ಅಷ್ಟೇ, ನೀವು ಸ್ಟೇರಿಂಗ್ ಒಂದು ಕಡೆ ತಿರುಗಿಸ್ತೀರಿ, ಚಕ್ರ ಇನ್ನೊಂದು ಕಡೆ ಹೋಗುತ್ತೆ. ಈ ಎರಡು ಸಾಮಾನಿನ ವಿಷಯದಲ್ಲಿ ಮುಂದಿನ ತಿಂಗಳು ಸಂಬಳ ಬರಲಿ ಅನ್ನೋ ಮಾತೇ ಇಲ್ಲ. ಲಿಂಕ್ ರಾಡಾಗಿದ್ರೆ ಲೊಡಲೊಡ ಅಂದ್ಕೊಂಡು ಇನ್ನೊಂದಿಷ್ಟು ದಿನ ಓಡಿಸಿ ಅಂತ ನಾನೇ ಹೇಳಿರ್ತಿದ್ದೆ. ಅದು ಬಿಟ್ಟುಹೋದ್ರೆ ತಿರುವಿನಲ್ಲಿ ಗಾಡಿ ಜಾಸ್ತಿ ವಾಲುತ್ತೆ, ಚಕ್ರ ಅದರ ಜಾಗದಲ್ಲೇ ಇರುತ್ತೆ.

ಶಿಕ್ಷಕಿ: ಹಾಗಾದರೆ ಜೋರು ಸದ್ದೆಲ್ಲ ಅಪಾಯದ್ದಲ್ಲ, ಸಣ್ಣ ಸದ್ದೆಲ್ಲ ನಿರಪಾಯವೂ ಅಲ್ಲ. ಇದು ಜನರಿಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ ಯಾರಾದರೂ ಪರೀಕ್ಷೆ ಮಾಡುವ ಹಾಗಿದ್ದರೆ ಚೆನ್ನಾಗಿತ್ತು.

ಮೆಕ್ಯಾನಿಕ್: ಟ್ಯಾಕ್ಸಿಗೆ ಇದೆ. ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ ಫಿಟ್ನೆಸ್ ಸರ್ಟಿಫಿಕೇಟ್, ಅಂದ್ರೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಅದಕ್ಕೇ ಟ್ಯಾಕ್ಸಿಯವರು ಎಫ್‌ಸಿಗೆ ಮುಂಚೆ ಬಂದು ಕೆಳಗೆಲ್ಲ ಬಿಗಿ ಮಾಡಿಸಿಕೊಂಡು ಹೋಗ್ತಾರೆ. ನಿಮ್ಮ ಬಿಳಿ ಬೋರ್ಡ್ ಗಾಡಿಗೆ ರಿಜಿಸ್ಟ್ರೇಷನ್ ಆದ್ರೆ 15 ವರ್ಷ ಯಾರೂ ಕರೆಯಲ್ಲ. ನಡುವೆ ಮಾಡಿಸೋ ಎಮಿಷನ್ ಟೆಸ್ಟಲ್ಲಿ ಹೊಗೆ ಒಂದನ್ನೇ ನೋಡೋದು. 15 ವರ್ಷ ಆ ಬಾಲ್ ಜಾಯಿಂಟ್ ಮೇಲೆ ನಿಗಾ ಇಡಬೇಕಾದ್ದು ನೀವು, ನಿಮ್ಮ ಮೆಕ್ಯಾನಿಕ್ಕು, ಇಬ್ಬರೇ.

ಶಿಕ್ಷಕಿ: ಅದರಲ್ಲಿ ಮೆಕ್ಯಾನಿಕ್ ಕಿಲೋಮೀಟರ್ ಮಾತ್ರ ನೋಡಿದರೆ ಉಳಿಯುವವಳು ನಾನೊಬ್ಬಳೇ. ಸರಿ, ಈಗ ರಿಪೇರಿ ಹೇಗೆ? ಬುಷ್ ಮಾತ್ರ ಹಾಕುತ್ತೀರಾ?

ಮೆಕ್ಯಾನಿಕ್: ಬುಷ್ ಬೇರೆಯಾಗಿ ಸಿಗುತ್ತೆ, ಪ್ರೆಸ್ಸಲ್ಲಿ ಒತ್ತಿ ಹಾಕಬಹುದು. ಬಾಲ್ ಜಾಯಿಂಟ್ ಚೆನ್ನಾಗಿದ್ದಿದ್ರೆ ಅದನ್ನೇ ಮಾಡ್ತಿದ್ದೆ. ನಿಮ್ಮ ಗಾಡೀಲಿ ಎರಡೂ ಹೋಗಿದೆ, ಆರ್ಮ್ ಸೆಟ್ಟೇ ಹಾಕೋದು ಒಳ್ಳೇದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇದು ಎಲ್ಲ ಬೆಲೆಗೂ ಸಿಗುತ್ತೆ. ಗಾಡಿ ಕಂಪನೀದು ಅಥವಾ ಅದಕ್ಕೆ ಸಾಮಾನು ಒದಗಿಸೋ ಕಂಪನೀದು ಮಾತ್ರ ತನ್ನಿ, ಬಿಲ್ ತಗೊಳ್ಳಿ. ಬಿಚ್ಚಿದ ಹಳೇ ಸಾಮಾನು ನಾನು ನಿಮ್ಮ ಡಿಕ್ಕೀಲಿ ಇಡ್ತೀನಿ, ಎಲ್ಲೇ ಮಾಡಿಸಿದ್ರೂ ಕೇಳಿ ಪಡಕೊಳ್ಳಿ. ಈಗ ಒಂದು ಮುಖ್ಯವಾದ ವಿಷಯ ಹೇಳ್ತೀನಿ, ಇದನ್ನ ತುಂಬ ಜನ ತಪ್ಪು ಮಾಡ್ತಾರೆ. ಈ ಬುಷ್ ಒಳಗೆ ಒಂದು ಕಬ್ಬಿಣದ ಕೊಳವೆ, ಅದಕ್ಕೆ ರಬ್ಬರ್ ಅಂಟಿಸಿರ್ತಾರೆ. ಬೋಲ್ಟ್ ಬಿಗಿ ಮಾಡಿದಾಗ ಕೊಳವೆ ಅಲ್ಲೇ ಹಿಡಿದುಕೊಳ್ಳುತ್ತೆ. ಆರ್ಮ್ ಮೇಲೆ ಕೆಳಗೆ ಆಡೋವಾಗ ಜಾರೋದಿಲ್ಲ, ರಬ್ಬರ್ ತಿರುಚಿ ಬಿಚ್ಚಿಕೊಳ್ಳುತ್ತೆ.

ಶಿಕ್ಷಕಿ: ಅಂದರೆ ಬಿಗಿ ಮಾಡಿದ ಜಾಗವೇ ರಬ್ಬರಿಗೆ ಆರಾಮದ ಜಾಗ.

ಮೆಕ್ಯಾನಿಕ್: ಅದೇ ಪಾಯಿಂಟು. ಚಕ್ರ ಗಾಳೀಲಿ ನೇತಾಡೋವಾಗ ಬಿಗಿ ಮಾಡಿದ್ರೆ ರಬ್ಬರಿನ ಆರಾಮದ ಜಾಗ ಅದಾಗುತ್ತೆ. ಗಾಡಿ ಇಳಿಸಿದ ಕೂಡಲೇ ಅದು ತಿರುಚಿಕೊಂಡೇ ನಿಂತಿರುತ್ತೆ, ಹಗಲು ರಾತ್ರಿ. ಕೆಲವೇ ತಿಂಗಳಲ್ಲಿ ಹರಿಯುತ್ತೆ, ಸಾಮಾನು ಡೂಪ್ಲಿಕೇಟ್ ಅಂತ ಬೈಸಿಕೊಳ್ಳೋದು ಮಾತ್ರ ಅಂಗಡಿಯವನು. ಬೋಲ್ಟನ್ನ ಕೈಬಿಗಿ ಮಾಡಿ, ಗಾಡಿ ನೆಲಕ್ಕಿಳಿಸಿ, ಭಾರ ಚಕ್ರದ ಮೇಲೆ ಬಿದ್ದ ಮೇಲೆ ಕೊನೇ ಬಿಗಿ. ಟಾರ್ಕ್ ವ್ರೆಂಚಿನಲ್ಲಿ. ಇದಕ್ಕೆ ಕಾಲು ಗಂಟೆ ಜಾಸ್ತಿ ಹಿಡಿಯುತ್ತೆ ಅಷ್ಟೇ. ಆಮೇಲೆ ವೀಲ್ ಅಲೈನ್‌ಮೆಂಟ್ ತಪ್ಪಿಸೋ ಹಾಗಿಲ್ಲ, ಇಲ್ಲದಿದ್ರೆ ಟೈರು ಒಂದು ಮಗ್ಗುಲು ಸವೆದು ಹೋಗುತ್ತೆ.

ಶಿಕ್ಷಕಿ: ಬೂಟ್ ನೋಡುತ್ತೇನೆ ಅಂದಿದ್ದಿರಿ.

ಮೆಕ್ಯಾನಿಕ್: ಬನ್ನಿ, ಬಲಗಡೆ. ರಿಮ್ಮಿನ ಒಳಮೈ ನೋಡಿ, ಕಪ್ಪು ಗ್ರೀಸ್ ಎರಚಿದೆ. ಇಲ್ಲಿ ಆಕ್ಸಲ್ಲಿಗೆ ಹುಲ್ಲು ಸುತ್ತಿಕೊಂಡಿದೆಯಲ್ಲ, ಇದು ಹುರುಳಿ ಸೊಪ್ಪೆ.

ಶಿಕ್ಷಕಿ: ಸುಗ್ಗಿಯಲ್ಲಿ ನಮ್ಮ ತಾಲ್ಲೂಕಿನ ವಿಜಯಪುರದ ರಸ್ತೆಯುದ್ದಕ್ಕೂ ಒಕ್ಕಣೆಗೆ ಹರಡಿರುತ್ತಾರೆ. ಕಣ ಇಲ್ಲದ ರೈತರು ಏನು ಮಾಡಬೇಕು? ಅದರ ಮೇಲೇ ಹಾದು ಬರುತ್ತೇವೆ.

ಮೆಕ್ಯಾನಿಕ್: ರಾಗಿ, ಹುರುಳಿ ಕಾಲ ಮುಗಿದ ಮೇಲೆ ಇಂಥ ಗಾಡಿಗಳು ಬರುತ್ತಲೇ ಇರುತ್ವೆ. ಸುತ್ತಿಕೊಂಡ ಸೊಪ್ಪೆ ಬೂಟನ್ನ ಉಜ್ಜಿ ಉಜ್ಜಿ ಸೀಳುತ್ತೆ. ಸೈಲೆನ್ಸರ್ ಹತ್ತಿರ ಸಿಕ್ಕಿಕೊಂಡ್ರೆ ಗಾಡಿಗೇ ಬೆಂಕಿ ಹತ್ತುತ್ತೆ, ಹಾಗೆ ಸುಟ್ಟುಹೋದ ಕಾರುಗಳಿವೆ. ಒಕ್ಕಣೆ ಮೇಲೆ ಹಾದು ಬಂದ್ರೆ ಮುಂದೆ ಎಲ್ಲಾದ್ರೂ ನಿಲ್ಲಿಸಿ, ಬಗ್ಗಿ ನೋಡಿ, ಇಂಜಿನ್ ಆಫ್ ಮಾಡಿ ಕಿತ್ತು ಹಾಕಿ. ನಿಮ್ಮ ಈ ಜಾಯಿಂಟ್ ಇನ್ನೂ ಸದ್ದು ಮಾಡ್ತಿಲ್ಲ, ಒಳಗೆ ಮಣ್ಣು ಹೋಗೋಕೆ ಈಗಷ್ಟೇ ದಾರಿಯಾಗಿದೆ. ಇವತ್ತೇ ಬಿಚ್ಚಿ ತೊಳೆದು, ಹೊಸ ಬೂಟು, ಹೊಸ ಗ್ರೀಸ್ ಹಾಕಿದ್ರೆ ಕೆಲವು ನೂರು ರೂಪಾಯಿಯ ಸಾಮಾನಲ್ಲಿ ಮುಗಿಯುತ್ತೆ. ಕಟ್ ಕಟ್ ಅಂತ ಶುರುವಾದ ಮೇಲೆ ಬಂದ್ರೆ ಆಕ್ಸಲ್ಲಿಗೇ ಸಾವಿರಗಟ್ಟಲೆ.

ಶಿಕ್ಷಕಿ: ಸದ್ದು ಮಾಡಿದ್ದು ಎಡಗಡೆ, ಬಲಗಡೆಯದು ಸದ್ದಿಲ್ಲದೆ ಹಾಳಾಗುತ್ತಿತ್ತು. ಎರಡನ್ನೂ ಮಾಡಿಬಿಡಿ ಅಣ್ಣಾ. ಗಾಡಿ ಇಲ್ಲೇ ಇರಲಿ, ಬಸ್ಸಿನಲ್ಲಿ ಹೋಗುತ್ತೇನೆ. ನಮ್ಮ ಶಾಲೆಯ ಸಹೋದ್ಯೋಗಿಗಳಿಗೆ ಏನು ಹೇಳಲಿ? ಅವರಲ್ಲೂ ಕಾರಿದೆ, ರಸ್ತೆಯೂ ಅದೇ.

ಮೆಕ್ಯಾನಿಕ್: ನನ್ನ ಹತ್ತಿರವೇ ಬರಲಿ ಅಂತ ಹೇಳಬೇಡಿ, ನಂಬಿಕೆಯ ಗ್ಯಾರೇಜು ಯಾವುದಾದ್ರೂ ಸರಿ. ವರ್ಷಕ್ಕೊಂದು ಸಲ, ಸುಗ್ಗಿ ಮುಗಿದ ಮೇಲೆ, ಮುಂದಿನ ಎರಡೂ ಚಕ್ರ ಎತ್ತಿಸಿ ಬಾಲ್ ಜಾಯಿಂಟು, ಟೈ ರಾಡ್ ಎಂಡು, ಆಕ್ಸಲ್ ಬೂಟು ಮೂರನ್ನೂ ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಲಿ. ಅರ್ಧ ಗಂಟೆ ಕೆಲಸ. ಬಾಲ್ ಜಾಯಿಂಟ್ ಆಡ್ತಿದೆ ಅಂತ ಯಾರಾದ್ರೂ ತೋರಿಸಿದ್ರೆ ಆ ಗಾಡಿ ಮತ್ತೆ ರಸ್ತೆಗೆ ತೆಗೀಬೇಡಿ ಅಂತ ಹೇಳಿ.